ಮಾಟುಂಗದ ಕಾಫಿ ಅಣ್ಣನಿಗೆ

ಮಾಟುಂಗದ ಹೋಟೆಲಿನಲ್ಲಿ ನಾನು ಫೋನಿನಲ್ಲಿ ಕನ್ನಡದಲ್ಲಿ ಗೋಳಾಡುವುದನ್ನು ಕೇಳಿ ಎದುರು ಬಂದು ಕೂತ ಅಣ್ಣಾ, ನಿಮ್ಮ ಹೆಸರು ಕೇಳುವುದೇ ಮರೆತೆ. ಲ್ಯಾಪ್‌ಟಾಪಿನ ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ಫೈಲುಗಳನ್ನೆಲ್ಲ ಕೂಡಿಸಿದರೂ 150 ಜಿಬಿ ದಾಟುತ್ತಿರಲಿಲ್ಲ. ವೈರಸ್ ಅಂತಲೇ ಹೆದರಿದ್ದೆ.

256 ಜಿಬಿ ಡಿಸ್ಕು 238 ಎಂದು ಕಾಣುವುದು, ತಯಾರಕರು 1000ರಲ್ಲಿ, ವಿಂಡೋಸ್ 1024ರಲ್ಲಿ ಎಣಿಸುವ ಲೆಕ್ಕ ಅಷ್ಟೇ ಎಂದು ನಕ್ಕಿರಿ. ಆಮೇಲೆ ವಿಂಡೋಸ್‌ನ ಸಿಸ್ಟಮ್ ಪ್ರೊಟೆಕ್ಷನ್ ಸೆಟ್ಟಿಂಗ್ ತೆರೆದಿರಿ. ಏನಾದರೂ ಕೆಟ್ಟರೆ ಸಿಸ್ಟಮನ್ನು ಹಿಂದಿನ ಸ್ಥಿತಿಗೆ ತರಲು ವಿಂಡೋಸ್ ಉಳಿಸಿಡುವ ಹಳೆಯ ರಿಸ್ಟೋರ್ ಪಾಯಿಂಟುಗಳೇ 60 ಜಿಬಿ ನುಂಗಿ ಕೂತಿದ್ದವು! ಅವು ಇರುವ ಫೋಲ್ಡರಿನೊಳಗೆ ನಮಗೇ ಪ್ರವೇಶ ಇಲ್ಲ. ಮತ್ತೆ ಲೆಕ್ಕಕ್ಕೆ ಸಿಗುವುದು ಹೇಗೆ, ಅಲ್ವಾ? ಅವನ್ನು ಅಳಿಸಿ, ಅವು ಬಳಸಬಹುದಾದ ಜಾಗದ ಮಿತಿಯನ್ನು ಡಿಸ್ಕಿನ ಶೇ 5ಕ್ಕೆ ಇಳಿಸಿದಿರಿ. ಇಲ್ಲದಿದ್ದರೆ ಜಾಗ ಮಾಡಲು ಮಗಳ ಭರತನಾಟ್ಯದ ವಿಡಿಯೊಗಳನ್ನು ಅಳಿಸಿ ಸುಮ್ನೆ ಕಳೆದುಕೊಳ್ಳುತ್ತಿದ್ದೆ.

ತುಂಬಾ ಥ್ಯಾಂಕ್ಸ್ ಅಣ್ಣಾ. ಕಾಫಿ ದುಡ್ಡನ್ನೂ ನೀವೇ ಕೊಟ್ಟಿರಿ. ಮುಂದಿನ ಸಲ ದೋಸೆ ನನ್ನ ಲೆಕ್ಕಕ್ಕೆ.