ಕೊಳಗ ಯಾರ ಕೈಯಲ್ಲಿದೆ ನೋಡು

ಪ್ರೀತಿಯ ತಮ್ಮ,

ನೀನು ಕಳಿಸಿದ ಕಥೆ ಓದಿದೆ. ಸಿಟ್ಟಿನಿಂದ ಬರೆದಿದ್ದೀಯ. ಸಿಟ್ಟು ಇರಲಿ. ಸಿಟ್ಟೇ ಬಾರದೆ ರಾಜಕೀಯದ ಬಗ್ಗೆ ಬರೆಯುವವರು ಕೊನೆಗೆ ಯಾರದ್ದೋ ಅಭಿನಂದನಾ ಗ್ರಂಥಕ್ಕೆ ಲೇಖನ ಬರೆದುಕೊಂಡು ಕೂರುತ್ತಾರೆ. ಆದರೆ ನಿನ್ನ ಹಳ್ಳಿಯ ಜನ ಯಾಕೆ ಅಷ್ಟೊಂದು ಭಾಷಣ ಮಾಡುತ್ತಾರೆ? ಅಡಿಕೆ ಸುಲಿಯುತ್ತಾ ಕೂತ ಹೆಂಗಸು 'ಪ್ರಭುತ್ವದ ದಮನಕಾರಿ ನೀತಿ' ಅನ್ನುತ್ತಾಳೆ. ಮಾರಾಯ, ಅಡಿಕೆ ಸುಲಿಯುವ ಚಪ್ಪರದ ಮಾತು ನಿನಗೆ ಗೊತ್ತಿಲ್ವಾ? ರಾತ್ರಿ ಹತ್ತಾದರೂ ಮೆಟ್ಟುಗತ್ತಿ ಬಿಟ್ಟು ಏಳದವರು ಅವರು. ಯಾವ ಮನೆಗೆ ಯಾವ ಪಕ್ಷದವರು ಯಾವ ರಾತ್ರಿ ಬಂದುಹೋದರು, ಎಷ್ಟು ಕೊಟ್ಟರು, ಅದರಲ್ಲಿ ನಡುವಿನವನು ಎಷ್ಟು ನುಂಗಿದ, ಎಲ್ಲ ಹೆಸರು ಹಿಡಿದು ಹೇಳುತ್ತಾರೆ. ಅದನ್ನು ಬರೆ.

ಎಡ, ಬಲ, ಸಮಾಜವಾದ, ಇದರಲ್ಲಿ ಯಾವುದರ ಜೊತೆ ನಿಂತು ಬರೆಯಬೇಕು ಅಂತ ಕೇಳಿದ್ದೀಯ. ಎಲ್ಲಿ ಬೇಕಾದರೂ ನಿಲ್ಲು. ನಿಲ್ಲುವ ಮೊದಲು ಭತ್ತ ಅಳೆಯುವ ಕೊಳಗ ಯಾರ ಕೈಯಲ್ಲಿದೆ ಅಂತ ನೋಡಿಕೋ.

ಸಾಗರ ತಾಲ್ಲೂಕಿನ ಕಾಗೋಡು ನಿನ್ನ ಊರಿನಿಂದ ದೂರವೇನೂ ಅಲ್ಲ. 1951ರಲ್ಲಿ ಒಡೆಯರ ಗದ್ದೆಯನ್ನು ಗೇಣಿಗೆ ಉಳುತ್ತಿದ್ದ ಅಲ್ಲಿನ ಗೇಣಿದಾರರು ಎದ್ದು ನಿಂತರಲ್ಲ, ಅವರ ಜಗಳ ಶುರುವಾದದ್ದು ಒಂದು ಅಳತೆಯಿಂದ. ಕಣದಲ್ಲಿ ಭತ್ತದ ರಾಶಿ ಬಿದ್ದಿದೆ ಅಂದುಕೋ. ಗೇಣಿ ಅಳೆಯಲು ಒಡೆಯರ ಮನೆಯಿಂದ ಕೊಳಗ ಬರುತ್ತದೆ. ಅದು ಇರಬೇಕಾದ ಅಳತೆಗಿಂತ ದೊಡ್ಡದು. ಅಳೆಯುವವನು ಒಡೆಯರ ಕಡೆಯವನು, ಲೆಕ್ಕ ಬರೆಯುವವನೂ ಅವರ ಕಡೆಯವನೇ. ಒಂದು ಅನ್ನುವ ಬದಲು ಲಾಭ ಅಂದು, 'ಲಾಭ, ಎರಡು, ಮೂರು' ಅಂತ ಎಣಿಕೆ ನಡೆಯುತ್ತದೆ. ಕೆಸರಿನಲ್ಲಿ ನಿಂತು ಬೆಳೆದವನು ಕೈ ಕಟ್ಟಿಕೊಂಡು ನೋಡುತ್ತಿರಬೇಕು. ಒಂದೊಂದು ಕೊಳಗಕ್ಕೂ ಒಂದಿಷ್ಟು ಭತ್ತ ಜಾಸ್ತಿ ಹೋಗುತ್ತದೆ. ಅಷ್ಟೇ. ಹೊಡೆತ ಇಲ್ಲ, ಬೈಗುಳ ಇಲ್ಲ. ಆ ವರ್ಷದ ಮಳೆಗಾಲದ ಗಂಜಿ ಮಾತ್ರ ಕಣದಲ್ಲೇ ಮುಗಿದುಹೋಗಿರುತ್ತದೆ.

ಇದನ್ನು ಪ್ರಶ್ನೆ ಮಾಡಲು ಎಚ್. ಗಣಪತಿಯಪ್ಪನವರಂಥವರು ಊರೂರು ತಿರುಗಿ ಸಂಘ ಕಟ್ಟಿದರು. ಆಮೇಲೆ ಸಮಾಜವಾದಿಗಳು ಬಂದರು. ಶಾಂತವೇರಿ ಗೋಪಾಲಗೌಡರು ಬಂದರು. ಜೂನ್ ತಿಂಗಳಲ್ಲಿ ಸಮಾಜವಾದಿಗಳ ನಾಯಕ ರಾಮಮನೋಹರ ಲೋಹಿಯಾ ಸಾಗರದ ಕಡೆಗೇ ಬಂದು ಬಂಧನಕ್ಕೆ ಒಳಗಾದರು. ಸಿದ್ಧಾಂತ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಬಾರದೆ ಹೋಗಿದ್ದರೆ ಕಾಗೋಡು ಒಂದು ಊರಿನ ಜಗಳವಾಗಿಯೇ ಮುಗಿಯುತ್ತಿತ್ತು. ಗೋಪಾಲಗೌಡರು ಮರುವರ್ಷ ಶಾಸನಸಭೆಗೆ ಹೋಗಿ ಅದನ್ನು ಇಡೀ ರಾಜ್ಯದ ಮಾತು ಮಾಡಿದರು. ಆದರೆ ಮೊದಲು ಬಂದದ್ದು ಕೊಳಗ. ನಿನ್ನ ಕಥೆಯಲ್ಲಿ ಅದು ಕಾಣಲೇ ಇಲ್ಲ.

ಸಿದ್ಧಾಂತದ ಹೆಸರುಗಳನ್ನು ನೀನು ವಿಪರೀತ ನಂಬುತ್ತೀಯ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ. ಹಳೆಯ ಶಿವಮೊಗ್ಗ ಜಿಲ್ಲೆಯೊಂದೇ ನಾಲ್ವರು ಮುಖ್ಯಮಂತ್ರಿಗಳನ್ನು ಕಂಡಿದೆ. ಕಾಂಗ್ರೆಸ್ಸೂ ಆಯಿತು, ಜನತಾದಳವೂ ಆಯಿತು, ಬಿಜೆಪಿಯೂ ಆಯಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟು ಬರಲಿ ಅಂತ ಮನೆ, ಗದ್ದೆ, ದೇವಸ್ಥಾನ ಎಲ್ಲ ನೀರಿಗೆ ಬಿಟ್ಟು ಬಂದ ಕುಟುಂಬಗಳಲ್ಲಿ ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಇದನ್ನು ಯಾವ ವಾದದ ಲೆಕ್ಕಕ್ಕೆ ಬರೆಯುತ್ತೀಯ?

ಈಗ ತುರ್ತುಪರಿಸ್ಥಿತಿಯ ಭಾಗಕ್ಕೆ ಬರುತ್ತೇನೆ. ನನ್ನ ದೊಡ್ಡ ತಕರಾರು ಇಲ್ಲೇ ಇದೆ. ನಿನ್ನ ಕಥೆಯಲ್ಲಿ ಇಡೀ ಹಳ್ಳಿ ಇಪ್ಪತ್ತೊಂದು ತಿಂಗಳು ಬಾಗಿಲು ಹಾಕಿಕೊಂಡು ನಡುಗುತ್ತದೆ. ಬೆಂಗಳೂರಿನ ಜೈಲಿನಲ್ಲಿ ಕತ್ತಲೆ ನಿಜವಾಗಿಯೂ ಇತ್ತು. ಕಲಾವಿದೆ ಸ್ನೇಹಲತಾ ರೆಡ್ಡಿ ಆಸ್ತಮಾದಲ್ಲಿ ನರಳುತ್ತಲೇ ಅಲ್ಲಿ ತಿಂಗಳುಗಟ್ಟಲೆ ಇದ್ದರು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಆದರೆ ಅದೇ ಹೊತ್ತಿಗೆ ನಮ್ಮ ಕಡೆಯ ಗೇಣಿದಾರ ಏನು ಮಾಡುತ್ತಿದ್ದ? ಉಳುವ ಗದ್ದೆ ತನ್ನ ಹೆಸರಿಗೆ ಆಗಲಿ ಅಂತ ಡಿಕ್ಲರೇಷನ್ ಕೊಟ್ಟು ಕಾಯುತ್ತಿದ್ದ. ಫಾರಂ ನಂಬರ್ 7 ತುಂಬಿಸಿ, ಹೆಬ್ಬೆಟ್ಟು ಒತ್ತಿ, ಭೂನ್ಯಾಯಮಂಡಳಿ ಯಾವಾಗ ಕರೆಯುತ್ತದೆ ಅಂತ ದಾರಿ ನೋಡುತ್ತಿದ್ದ. ಅಲ್ಲಿ ವಕೀಲರು ವಾದ ಮಾಡುವ ಹಾಗಿರಲಿಲ್ಲ. ಒಡೆಯ ಒಂದು ಕಡೆ, ಒಕ್ಕಲು ಒಂದು ಕಡೆ. 'ಈ ಗದ್ದೆ ಉಳ್ತಿರೋದು ನಾನು' ಅಂತ ಒಡೆಯರ ಮುಖ ನೋಡಿ ಹೇಳಬೇಕಿತ್ತು. ತಲೆ ಎತ್ತಿ ಮಾತಾಡಿಯೇ ಗೊತ್ತಿಲ್ಲದವನಿಗೆ ಆ ಒಂದು ವಾಕ್ಯ ಎಷ್ಟು ಭಾರ ಅಂತ ಯೋಚನೆ ಮಾಡು. ನಿನ್ನ ಅಜ್ಜನೂ ಡಿಕ್ಲರೇಷನ್ ಕೊಟ್ಟವರೇ ಅಂತ ನೀನೇ ಒಮ್ಮೆ ಹೇಳಿದ್ದೆ. ಅವರನ್ನು ಯಾಕೆ ಕಥೆಯಿಂದ ಹೊರಗೆ ನಿಲ್ಲಿಸಿದೆ?

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದಿತು. ಮರುವರ್ಷ ಇಂದಿರಾ ಗಾಂಧಿ ಮತ್ತೆ ಲೋಕಸಭೆಗೆ ಹೋದದ್ದು ನಮ್ಮ ಪಕ್ಕದ ಚಿಕ್ಕಮಗಳೂರಿನಿಂದ. ಆ ಓಟು ಹಾಕಿದವರನ್ನೆಲ್ಲ ದಡ್ಡರು ಅಂತ ಬರೆಯಬೇಡ. ಅವರನ್ನು ಕ್ಷಮಿಸುವ ದೊಡ್ಡತನವನ್ನೂ ತೋರಿಸಬೇಡ. ಅವರಿಗೆ ಕಾರಣ ಇತ್ತು.

ಆದರೆ ಒಂದು ಸೂಕ್ಷ್ಮ ಇದೆ. 'ಉಳುವವನೇ ಹೊಲದೊಡೆಯ' ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ, ಕಾಂಗ್ರೆಸ್ಸಿನ ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ. ವಿಧಾನಸಭೆಯಲ್ಲಿ ಚರ್ಚೆಯಾಗಿ ಬಂದ ಕಾನೂನು ಅದು. ಹಿಂದೆ ಕಾಗೋಡಿನಿಂದ ಶುರುವಾದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಜಗಳ ಇತ್ತು. ತುರ್ತುಪರಿಸ್ಥಿತಿ ಬಂದದ್ದು 1975ರ ಜೂನ್ 25ರಂದು, ಅದಾಗಿ ಒಂದು ವರ್ಷದ ಮೇಲೆ. ಆದರೆ ಜನರ ನೆನಪಿನಲ್ಲಿ ಎರಡೂ ಕಲಸಿಹೋದವು. ಗದ್ದೆ ಬಂದದ್ದು ಜಗಳ ಮಾಡಿದ್ದರಿಂದ ಅನ್ನುವುದು ಹಿಂದೆ ಸರಿಯಿತು, 'ಇಂದಿರಮ್ಮ ಕೊಟ್ಟಳು' ಅನ್ನುವುದು ಉಳಿಯಿತು. ಅಧಿಕಾರಕ್ಕೆ ಬೇಕಾಗಿರುವುದು ಇದೇ. ಹಕ್ಕಿನಿಂದ ಬಂದದ್ದನ್ನು ಉಪಕಾರ ಅಂತ ನೆನಪಿಟ್ಟುಕೊಂಡರೆ ಮುಂದಿನ ಸಲ ಜೈಲಿನ ಬಾಗಿಲು ಹಾಕಿದರೂ ಯಾರೂ ಕೇಳುವುದಿಲ್ಲ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ಧರ್ಮದಲ್ಲಿ ಭಕ್ತಿ ಮೋಕ್ಷದ ದಾರಿ ಆಗಬಹುದು, ರಾಜಕೀಯದಲ್ಲಿ ಅದು ಸರ್ವಾಧಿಕಾರದ ದಾರಿ ಅಂದಿದ್ದರು. ಈಗಲೂ ನೋಡು, ರೇಷನ್ ಅಕ್ಕಿ ಇರಲಿ, ಗ್ಯಾಸ್ ಇರಲಿ, ಬಸ್ ಟಿಕೆಟ್ ಇರಲಿ, ಫೋಟೋ ಯಾರದ್ದು ಅನ್ನುವುದೇ ದೊಡ್ಡ ಜಗಳ. ಈ ವಿಷಯದಲ್ಲಿ ಯಾವ ಪಕ್ಷವೂ ಕಡಿಮೆ ಇಲ್ಲ.

ಪ್ರಜಾಪ್ರಭುತ್ವ ಸಾಯುವ ದೃಶ್ಯಕ್ಕೆ ನೀನು ಪೊಲೀಸ್ ವ್ಯಾನುಗಳ ಸಾಲು ನಿಲ್ಲಿಸಿದ್ದೀಯ. ಅದೂ ಆಗುತ್ತದೆ. ಆದರೆ ಜರ್ಮನಿಯಲ್ಲಿ 1933ರ ಮಾರ್ಚ್ 23ರಂದು ಸಂಸತ್ತೇ ಓಟು ಹಾಕಿ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಬರೆದುಕೊಟ್ಟಿತು. ಪರ 444, ವಿರೋಧ 94. ಬೆದರಿಕೆ ಇತ್ತು, ಸುತ್ತ ಅವನ ಪಡೆ ನಿಂತಿತ್ತು, ಕಮ್ಯುನಿಸ್ಟರನ್ನು ಒಳಗೆ ಬರಲು ಬಿಟ್ಟಿರಲಿಲ್ಲ. ಕಾಗದದಲ್ಲಿ ಮಾತ್ರ ಎಲ್ಲ ಅಚ್ಚುಕಟ್ಟು.

ಅಷ್ಟು ದೂರ ಯಾಕೆ, ಒಂದು ಗ್ರಾಮಸಭೆಗೆ ಹೋಗಿ ಕೂತುಕೋ. ನಾನು ನೋಡಿದ ಒಂದರಲ್ಲಿ ಶಾಲೆಯ ಜಗಲಿ ಮೇಲೆ ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಒಂದಿಷ್ಟು ಹೆಂಗಸರು. ಒಬ್ಬಾಕೆ ಎದ್ದು, ಸರ್ಕಾರ ಕೊಡುವ ಮನೆಯ ಪಟ್ಟಿಯಲ್ಲಿ ತನ್ನ ಹೆಸರು ಹೋದ ಸಲ ಇತ್ತು, ಈ ಸಲ ಯಾಕಿಲ್ಲ ಅಂತ ಕೇಳಿದಳು. 'ಆಮೇಲೆ ಆಫೀಸಿಗೆ ಬಾರಮ್ಮ' ಅಂದರು. ಚಾ ಬಂತು. ಮಳೆಯೂ ಬಂತು. ಸಭೆ ಮುಗಿಯಿತು. ಹಾಜರಾತಿ ಪುಸ್ತಕ ಮಾರನೇ ದಿನ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂತು. ನಡಾವಳಿಯಲ್ಲಿ 'ಫಲಾನುಭವಿಗಳ ಪಟ್ಟಿಯನ್ನು ಓದಿ ಹೇಳಲಾಗಿ, ಸಭೆಯು ಸರ್ವಾನುಮತದಿಂದ ಅನುಮೋದಿಸಿತು' ಅಂತ ಇತ್ತು. ಆಕೆಯ ಪ್ರಶ್ನೆ ಎಲ್ಲೂ ಇಲ್ಲ. ಸಹಿ ಹಾಕಿದವರು ಯಾರೂ ದುಷ್ಟರಲ್ಲ. ಪಕ್ಕದ ಮನೆಯವರು, ನಾಳೆ ಮದುವೆಗೆ ಕರೆಯುವವರು. ನಿನ್ನ ವ್ಯಾನುಗಳಿಗಿಂತ ಆ ಪುಸ್ತಕ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಇನ್ನೊಂದು ಮಾತು, ಸ್ವಲ್ಪ ಕಹಿ. ನಿನ್ನ ಕಥೆಯಲ್ಲಿ ಕೆಟ್ಟವರೆಲ್ಲ ಆಚೆ ಕಡೆಯವರು. ಒಡೆಯರು, ಮಂತ್ರಿ, ಅಧಿಕಾರಿ. ನಿನ್ನ ಅಜ್ಜನಿಗೆ ಬಂದ ಗದ್ದೆ ಈಗ ಅಡಿಕೆ ತೋಟ, ಅಲ್ವಾ? ಸುಗ್ಗಿಯಲ್ಲಿ ಸುಲಿಯಲು ಜನ ಬರುತ್ತಾರೆ. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುತ್ತೀರಿ. ಡಬ್ಬದ ಬಾಯಿ ಸಮ ಆದರೆ ಸಾಕಾ, ಗೋಪುರ ಏಳಬೇಕಾ ಅಂತ ತೀರ್ಮಾನ ಮಾಡುವವರು ಯಾರು? ಸುಮ್ನೆ ಒಂದು ರಾತ್ರಿ ಅಲ್ಲಿ ಕೂತು ನೋಡು. ಯಾರಾದರೂ ತಕರಾರು ತೆಗೆಯುತ್ತಾರಾ, ತೆಗೆದವರನ್ನು ಮರುದಿನ ಕರೆಯುತ್ತೀರಾ? ಸಂಕೋಚ ಆದರೆ ಆಗಲಿ. ತನ್ನ ಮನೆಯ ಅಳತೆ ನೋಡದವನು ದೆಹಲಿಯ ಅಳತೆ ಬಗ್ಗೆ ಬರೆದರೆ ನಾನಂತೂ ಓದುವುದಿಲ್ಲ.

ಮತ್ತೆ, ನಗು ಎಲ್ಲಿ ಹೋಯಿತು? ಶಿಕಾರಿಪುರದ ಈಸೂರಿನವರು 1942ರಲ್ಲಿ ತಮ್ಮೂರು ಸ್ವತಂತ್ರ ಅಂತ ಸಾರಿದಾಗ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ದರು. ಸರ್ಕಾರದ ಠೀವಿಗೆ ಅದಕ್ಕಿಂತ ಒಳ್ಳೆ ಅಣಕ ಯಾರು ಮಾಡಿಯಾರು! ಆ ಊರಿನ ಐವರನ್ನು ಮುಂದಿನ ವರ್ಷ ಗಲ್ಲಿಗೆ ಹಾಕಿದರು. ಎರಡೂ ಒಂದೇ ಊರಿನ ಕಥೆ. ನೀನು ಬರೀ ಗಲ್ಲು ಬರೆಯುತ್ತಿದ್ದೀಯ.

ತಿದ್ದುವಾಗ ಮೂರನೇ ಭಾಗದ ಮಂತ್ರಿಯ ಭಾಷಣ ಪೂರ್ತಿ ತೆಗೆದುಬಿಡು. ಅವನ ಡ್ರೈವರ್ ಮಾತಾಡಲಿ, ಅವನಿಗೆ ಜಾಸ್ತಿ ಗೊತ್ತಿರುತ್ತದೆ. ಅಜ್ಜನ ನ್ಯಾಯಮಂಡಳಿ ಆದೇಶದ ನಕಲು ಮನೆಯ ಟ್ರಂಕಿನಲ್ಲಿ ಇರಬಹುದು, ಹುಡುಕು. ಇಲ್ಲದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕು. ಎರಡು ಮೂರು ಸಲ ಓಡಾಡಿಸುತ್ತಾರೆ, ಅದನ್ನೂ ಬರೆದಿಟ್ಟುಕೋ. ತಿದ್ದಿದ್ದನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ಕಳಿಸಿದರೆ ಸಾಕು, ಅವಸರ ಇಲ್ಲ.

ಇಂತಿ,
ನಿನ್ನ ಅಕ್ಕ