ಅಳೆದವರು ಯಾರು, ಯಾವ ಕೋಲಿನಲ್ಲಿ?

ಪ್ರೀತಿಯ ಚೈತ್ರಾ,

ನಿನ್ನ ಕಥೆ ಓದಿದೆ. ಅಣ್ಣತಮ್ಮಂದಿರ ಜಗಳ ಚೆನ್ನಾಗಿ ಬಂದಿದೆ. ಅತ್ತಿಗೆ ಅಡುಗೆಮನೆಯಿಂದಲೇ ಒಂದು ಮಾತು ಬಿಡುತ್ತಾಳಲ್ಲ, ಜಗಲಿಯಲ್ಲಿ ಕೂತ ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ, ಆ ಭಾಗಕ್ಕೆ ಮತ್ತೆ ಹೋಗಿ ಓದಿಕೊಂಡೆ. ಭಾಷೆ ಹೇಗಿದೆ ಅಂತ ಕೇಳಿದ್ದೀಯ. ಭಾಷೆಗೇನೂ ಆಗಿಲ್ಲ. ನನ್ನ ತಕರಾರು ಅಳತೆಯ ಬಗ್ಗೆ.

ಪಾಲಿನ ದೃಶ್ಯವನ್ನೇ ನೋಡು. ಪಹಣಿಯಲ್ಲಿ ಜಮೀನು 3-10 ಇದೆ ಅಂತ ನೀನೇ ಬರೆದಿದ್ದೀಯ. ಮೂರು ಎಕರೆ ಹತ್ತು ಗುಂಟೆ. ಮುಂದಿನ ಪುಟದಲ್ಲಿ ಒಬ್ಬೊಬ್ಬರಿಗೂ 'ಒಂದು ಎಕರೆ ಐವತ್ತೈದು ಗುಂಟೆ' ಸಿಗುತ್ತದೆ. ಕ್ಯಾಲ್ಕುಲೇಟರಿನಲ್ಲಿ 3.10 ಒತ್ತಿ ಎರಡರಿಂದ ಭಾಗಿಸಿಬಿಟ್ಟೆ, ಅಲ್ವಾ? ಎಕರೆಗೆ 40 ಗುಂಟೆ, ಮಾರಾಯ್ತಿ. ಒಟ್ಟು 130 ಗುಂಟೆ ಆಯಿತು. ಅರ್ಧ ಮಾಡಿದರೆ 65, ಅಂದರೆ ಒಂದು ಎಕರೆ ಇಪ್ಪತ್ತೈದು ಗುಂಟೆ. ಹೊಲ ಇರುವ ಓದುಗ ಈ ಸಾಲಿಗೆ ಬಂದಾಗ ನಕ್ಕುಬಿಡುತ್ತಾನೆ. ಆಮೇಲೆ ಅತ್ತಿಗೆಯ ಮಾತೂ ಅವನಿಗೆ ಸುಳ್ಳು ಅನಿಸುತ್ತದೆ.

ಲೆಕ್ಕ ತಿದ್ದುವುದು ಐದು ನಿಮಿಷದ ಕೆಲಸ. ಗುಂಟೆ ಅಂದರೆ ಎಷ್ಟು ಜಾಗ ಅನ್ನುವುದು ನಿನ್ನ ಕಣ್ಣಿಗೆ ಕಟ್ಟಿಲ್ಲವಲ್ಲ, ಅದು ದೊಡ್ಡ ತೊಂದರೆ. 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರಡಿ. ಬೆಂಗಳೂರಿನ ತರ್ಟಿ ಫಾರ್ಟಿ ಸೈಟಿಗಿಂತ ಸ್ವಲ್ಪ ಚಿಕ್ಕದು. ಗುಂಟೆಯನ್ನು ಹದಿನಾರು ಪಾಲು ಮಾಡಿದರೆ ಒಂದು ಪಾಲು ಒಂದು ಆಣೆ. ಸುಮಾರು 68 ಚದರಡಿ, ಒಂದು ಮಂಚ ಹಾಕಿ ಪಕ್ಕದಲ್ಲಿ ಓಡಾಡುವಷ್ಟು ಜಾಗ. ನಿನ್ನ ಕಥೆಯ ತಮ್ಮ 'ಸ್ವಲ್ಪ ಜಾಗ'ಕ್ಕಾಗಿ ಕೋರ್ಟಿಗೆ ಹೋಗುತ್ತಾನೆ. ಸ್ವಲ್ಪ ಅಂದರೆ ಎಷ್ಟು? ಎರಡು ಆಣೆ ಜಾಗಕ್ಕೆ ಕೋರ್ಟು ಹತ್ತಿದ ಅಂತ ಬರೆದು ನೋಡು. ಅವನ ಹಠ ಎಂಥದ್ದು ಅಂತ ನೀನು ಬೇರೆ ಹೇಳಬೇಕಾಗಿಲ್ಲ. ಇದೇ ಕಥೆ ಉಡುಪಿ ಕಡೆ ನಡೆದಿದ್ದರೆ ಮಾತೆಲ್ಲ ಸೆಂಟ್ಸ್ ಲೆಕ್ಕದಲ್ಲಿ ಇರುತ್ತಿತ್ತು. ಅಲ್ಲಿ ಎಕರೆಗೆ ನೂರು ಸೆಂಟ್ಸ್.

ಹೊಸದಾಗಿ ಬರೆಯುವವರಿಗೆ ನಾನು ಕೇಳುವುದು ಇಷ್ಟೇ. ಅಳೆದವರು ಯಾರು, ಯಾವ ಕೋಲಿನಲ್ಲಿ? ಇದನ್ನು ನಾನು ಕಲಿತದ್ದು ನಮ್ಮ ಶಾಸನಗಳಿಂದ. ದೇವಸ್ಥಾನಕ್ಕೆ ಭೂಮಿ ಬಿಟ್ಟಾಗ ಇಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಅಂತ ಕೆತ್ತಿಸಿ ಸುಮ್ಮನಾಗುತ್ತಿರಲಿಲ್ಲ. ಯಾವ ಗಳೆಯಲ್ಲಿ ಅಳೆದದ್ದು ಅಂತಲೂ ಎಷ್ಟೋ ಕಡೆ ಹೇಳುತ್ತಿದ್ದರು. ಗಳೆ ಅಂದರೆ ಅಳತೆಗೋಲು. ಅದರ ಉದ್ದ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಬಳ್ಳಿಗಾವಿಯ ಶಾಸನಗಳಲ್ಲಿ ಭೇರುಂಡ ಗಳೆ ಬರುತ್ತದೆ. ಗಳೆಯ ಹೆಸರು ಬಿಟ್ಟರೆ ಮತ್ತರಿನ ಲೆಕ್ಕ ಕೈಗೆ ಸಿಗುವುದಿಲ್ಲ, ನಾಳೆ ತಂಟೆ ಬಂದರೆ ತೀರಿಸುವವರೂ ಇಲ್ಲ. ಕಲ್ಲಿನ ಮೇಲೆ ಒಂದೊಂದು ಅಕ್ಷರ ಬಿಡಿಸಬೇಕಾಗಿದ್ದ ಕಾಲದಲ್ಲೂ ಆ ಒಂದು ಪದಕ್ಕೆ ಜಾಗ ಕೊಟ್ಟಿದ್ದಾರೆ ನೋಡು. ನೀನು ಮಾತ್ರ ನಿನ್ನ ಪಾತ್ರಗಳಿಗೆಲ್ಲ ಒಂದೇ ಕೋಲು ಹಂಚಿದ್ದೀಯ, ಶಾಲೆಯ ಸ್ಕೇಲು.

'ಗುಡಿ ಇಲ್ಲಿಂದ ಇನ್ನೂರು ಮೀಟರ್ ದೂರ' ಅನ್ನುತ್ತಾಳೆ ನಿನ್ನ ಅಜ್ಜಿ. ಆ ಅಜ್ಜಿ ಹಾಗೆ ಹೇಳುವವಳಲ್ಲ. ಮಲೆನಾಡಿನವಳಾದರೆ ಕೂಗಳತೆ ದೂರ ಅಂದಾಳು. ಅಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ, ಗುಡ್ಡ. ಕಷ್ಟಕ್ಕೆ ಕೂಗಿದರೆ ಕೇಳಿಸುತ್ತದಾ ಅನ್ನುವುದೇ ದೂರದ ಲೆಕ್ಕ. ಬಯಲುಸೀಮೆಯ ಹಳಬಳಾದರೆ ಹರದಾರಿ ಅಂದಾಳು, ಹೆಚ್ಚುಕಡಿಮೆ ಮೂರು ಮೈಲಿ, ಕಾಲಿಗೆ ಗೊತ್ತಿರುವ ದೂರ. ಹತ್ತಿರದ ಗುಡಿಗಾದರೆ ಎಲೆಅಡಿಕೆ ಹಾಕಿಕೊಂಡು ಹೊರಟರೆ ಬಾಯಿ ಕೆಂಪಾಗುವಷ್ಟರಲ್ಲಿ ಸಿಗುತ್ತದೆ ಅಂದಾಳು. ಬೆಂಗಳೂರಲ್ಲಿರುವ ಮೊಮ್ಮಗನನ್ನು ಸಿಲ್ಕ್ ಬೋರ್ಡಿನಿಂದ ಹೆಬ್ಬಾಳ ಎಷ್ಟು ದೂರ ಅಂತ ಕೇಳು. 'ಎಷ್ಟೊತ್ತಿಗೆ ಹೊರಡ್ತೀರ?' ಅಂತ ತಿರುಗಿ ಕೇಳುತ್ತಾನೆ.

ಹಾಗಂತ ಹಳ್ಳಿಯವರ ಬಾಯಿಗೆಲ್ಲ ಗಾವುದ, ಖಂಡುಗ, ಕೊಳಗ ತುಂಬಬೇಡ. ಕೆಲವರು ಅದನ್ನೂ ಮಾಡುತ್ತಾರೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಬರೆದದ್ದು ಓದುವವರಿಗೆ ಗೊತ್ತಾಗಿಹೋಗುತ್ತದೆ. ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಸೇರು, ಮೈಲಿ ಬಿಟ್ಟು ಕಿಲೋ, ಕಿಲೋಮೀಟರ್ ಹಿಡಿಯಲು ಜನಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು. ಆಮೇಲೆ ತಲೆಮಾರುಗಳೇ ಕಳೆದಿವೆ. ಈಗ ಎಲ್ಲ ಕಲಸಿಹೋಗಿದೆ, ಆ ಕಲಸಿದ್ದನ್ನೇ ಬರಿ. ಒಬ್ಬಳೇ ಗೃಹಿಣಿ ಒಂದೇ ದಿನದಲ್ಲಿ ಹಾಲು ಅರ್ಧ ಲೀಟರ್ ಕೊಳ್ಳುತ್ತಾಳೆ, ಅನ್ನಕ್ಕೆ ಎರಡು ಪಾವು ಅಕ್ಕಿ ಹಾಕುತ್ತಾಳೆ, ಮುಡಿಯಲು ಒಂದು ಮೊಳ ಮಲ್ಲಿಗೆ ತರುತ್ತಾಳೆ. ಚಿನ್ನ ಗ್ರಾಮಿನಲ್ಲಿ, ಸೈಟು ಅಡಿಯಲ್ಲಿ, ಕಟ್ಟುತ್ತಿರುವ ಮನೆ ಚದರದಲ್ಲಿ. ಹನ್ನೆರಡು ಚದರದ ಮನೆ ಅಂದರೆ 1200 ಚದರಡಿ ಅಂತ ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಜ್ವರ ಇವತ್ತಿಗೂ ನೂರಾ ಎರಡು.

ಆ ಮಲ್ಲಿಗೆಯ ಹತ್ತಿರ ಸ್ವಲ್ಪ ನಿಲ್ಲು. ಹೂವಿನವಳು ಮಾಲೆಯ ತುದಿಯನ್ನು ಬೆರಳಲ್ಲಿ ಹಿಡಿದು ಮೊಣಕೈವರೆಗೆ ಎಳೆಯುತ್ತಾಳೆ. ಕೊಳ್ಳುವವಳು ಹೂವು ನೋಡುವುದಿಲ್ಲ, ಮೊಣಕೈ ನೋಡುತ್ತಾಳೆ. ಹಬ್ಬದ ಹಿಂದಿನ ಸಂಜೆ ಮಾಲೆ ಮೊಣಕೈ ಮುಟ್ಟುವ ಮೊದಲೇ ನಿಂತುಬಿಡುತ್ತದೆ. 'ಏನಮ್ಮಾ, ಇವತ್ತು ಕೈ ಗಿಡ್ಡ ಆಯ್ತಾ?' 'ಕಟ್ಟಿರೋದು ದಟ್ಟ ನೋಡಕ್ಕ.' ಹಾಗೆ ಅನ್ನುತ್ತಲೇ ನಾಲ್ಕು ಹೂವು ಜಾಸ್ತಿ ಬಿಟ್ಟು ದಾರ ಕತ್ತರಿಸುತ್ತಾಳೆ. 45 ಸೆಂಟಿಮೀಟರ್ ಅಂತ ಬರೆದಿದ್ದರೆ ಈ ಮಾತುಕತೆ ಹುಟ್ಟುವುದಕ್ಕೆ ಜಾಗವೇ ಇರಲಿಲ್ಲ.

ಇನ್ನು ನಿನ್ನ ಮೇಸ್ತ್ರಿ. ಅವನು 'ಲಂಬಕೋನ ಪರಿಶೀಲಿಸಿದ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ಪಾಯಕ್ಕೆ ಗುರುತು ಹಾಕುವುದನ್ನು ಒಮ್ಮೆ ಹೋಗಿ ನೋಡು. ಮೂಲೆಯ ಗೂಟದಿಂದ ಎರಡು ಕಡೆಗೆ ದಾರ ಕಟ್ಟಿರುತ್ತಾರೆ. ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ. ಆ ಎರಡು ಗುರುತಿನ ನಡುವೆ ಅಡ್ಡಕ್ಕೆ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಜಾಸ್ತಿ ಬಂದರೆ ದಾರವನ್ನು ಒಳಕ್ಕೆ ತರುತ್ತಾನೆ, ಕಡಿಮೆ ಬಂದರೆ ಹೊರಕ್ಕೆ ಸರಿಸುತ್ತಾನೆ. 'ಮೂಲೆಮಟ್ಟ ಸರಿ ಆಯ್ತು, ಸುಣ್ಣ ಎಳಿ' ಅನ್ನುತ್ತಾನೆ. ಕನ್ನಡದಲ್ಲಿ ಈ ವಿದ್ಯೆಗೆ ಬಡತನವೇನೂ ಇರಲಿಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕ್ಷೇತ್ರಗಣಿತವನ್ನು ಕನ್ನಡದಲ್ಲಿ ಬರೆದಿಟ್ಟ. ಆದರೆ ಮೇಸ್ತ್ರಿಯ ಬಾಯಲ್ಲಿ ಲಂಬಕೋನ ಬೇಡ. ಮೇಷ್ಟ್ರ ಬಾಯಲ್ಲಿ ಇರಲಿ.

ರೂಪಕಗಳ ಬಗ್ಗೆಯೂ ಹೇಳಿಬಿಡುತ್ತೇನೆ. 'ಅಣ್ಣತಮ್ಮಂದಿರ ಬದುಕು ಸಮಾಂತರ ರೇಖೆಗಳಂತೆ ಸಾಗಿತ್ತು.' ಸಮಾಂತರ ರೇಖೆಗಳು ಎಷ್ಟು ದೂರ ಹೋದರೂ ಕೂಡುವುದಿಲ್ಲ. ನಿನ್ನ ಅಣ್ಣತಮ್ಮಂದಿರು ದಿನಾ ಬೆಳಗ್ಗೆ ಬದುವಿನ ಮೇಲೆ ಎದುರಾಗಿ ಬೈದಾಡುತ್ತಾರೆ. 'ಅಪ್ಪ ಸತ್ತ ಮೇಲೆ ಅವನು 360 ಡಿಗ್ರಿ ಬದಲಾದ.' ಪೂರ್ತಿ ಸುತ್ತು ತಿರುಗಿ ಮೊದಲಿದ್ದ ಕಡೆಗೇ ಮುಖ ಮಾಡಿದ ಅಂತಾಯಿತು. ಕೇಂದ್ರಬಿಂದು, ಪರಿಧಿ, ಆಯಾಮ ಇವನ್ನು ಪತ್ರಿಕೆಯವರಿಗೆ ಬಿಟ್ಟುಕೊಡು. ಅವರೂ ಸವೆಸಿಯಾಗಿದೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಮಾಡು. ಕ್ರಯಪತ್ರದಲ್ಲಿ ಚೆಕ್ಕುಬಂದಿ ಅಂತ ಇರುತ್ತದೆ. ಪೂರ್ವಕ್ಕೆ ಸರ್ಕಾರಿ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಇಂಥವರ ಬಾಬ್ತು ಜಮೀನು, ದಕ್ಷಿಣಕ್ಕೆ ಇದೇ ನಂಬರಿನ ಉಳಿಕೆ ಜಮೀನು. ಸ್ವತ್ತನ್ನು ಗುರುತಿಸುವುದು ಅದರ ನೆರೆಹೊರೆಯಿಂದ. ಕಥೆಯ ಪ್ರತಿ ಜಾಗಕ್ಕೂ ಹೀಗೊಂದು ಚೆಕ್ಕುಬಂದಿ ಬರೆದಿಟ್ಟುಕೋ. ಕಥೆಯೊಳಗೆ ಹಾಕಬೇಡ, ನಿನ್ನ ನೋಟ್‌ಬುಕ್ಕಿನಲ್ಲಿ ಇರಲಿ. ಈಗ ನಿನ್ನ ಹಿತ್ತಿಲಿಗೆ ಶುರುವಿನಲ್ಲಿ ಎಳೆ ಬಿಸಿಲು ಬೀಳುತ್ತದೆ, ಕೆಲವು ಪುಟ ಬಿಟ್ಟು ಅದೇ ಹಿತ್ತಿಲ ಬಾಗಿಲಲ್ಲಿ ಕೂತು ಅತ್ತಿಗೆ ಸೂರ್ಯ ಮುಳುಗುವುದನ್ನು ನೋಡುತ್ತಾಳೆ. ಮನೆ ಯಾವ ದಿಕ್ಕಿಗಿದೆ ಅಂತ ನೀನಿನ್ನೂ ತೀರ್ಮಾನ ಮಾಡಿಲ್ಲ.

ಹೊಲದ ಚೆಕ್ಕುಬಂದಿ ಬರೆಯಲು ಕೂತರೆ ಇನ್ನೊಂದು ವಿಷಯ ಎದುರಾಗುತ್ತದೆ. ಹೊಲದ ನಡುವೆ ಬೋರ್‌ವೆಲ್ ಇದೆ ಅಂದಿದ್ದೀಯ. ಪಾಲಿನ ಗೆರೆ ಅದರ ಯಾವ ಪಕ್ಕದಲ್ಲಿ ಹೋಯಿತು? ಕಡೆವರೆಗೂ ಹೇಳಿಲ್ಲ. ಅಣ್ಣನ ಕಡೆ ಬಿದ್ದಿದ್ದರೆ ತಮ್ಮನಿಗೆ ನೀರು ಯಾವ ಹೊತ್ತಿಗೆ, ಪೈಪು ಯಾರ ನೆಲದಲ್ಲಿ ಹಾಯಬೇಕು, ಮೋಟಾರು ಸುಟ್ಟರೆ ದುಡ್ಡು ಯಾರದ್ದು, ಇದನ್ನೆಲ್ಲ ಪಾಲುಪಟ್ಟಿಯಲ್ಲಿ ಬರೆಸಲೇಬೇಕು. ಜಂಟಿ ಅಂತ ಬರೆಸಿದ್ದರೆ ಜಗಳ ಇನ್ನೂ ಜಾಸ್ತಿ. ಅತ್ತಿಗೆ ಅಡುಗೆಮನೆಯಿಂದ ಬಿಟ್ಟ ಮಾತು ಇದರ ಬಗ್ಗೆಯೇ ಇರಬೇಕು ಅಂತ ನನ್ನ ಅನುಮಾನ. ಅಷ್ಟನ್ನು ಗಟ್ಟಿ ಮಾಡಿಕೊಂಡು ತಿದ್ದಿದ ಪ್ರತಿ ಕಳಿಸು.

ಪ್ರೀತಿಯಿಂದ,
ನಿನ್ನ ಮೇಷ್ಟ್ರು