ಬಾಣ ಹಾಕುವ ಮೊದಲು

ಪ್ರೀತಿಯ ಸೊಸೆಗೆ, ರಾಯಚೂರಿನಿಂದ ನಿನ್ನ ಮಾಮ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಫಿಸಿಕ್ಸ್ ಟೆಸ್ಟ್ ಪೇಪರ್ ನೋಡಿದೆ. ಲೆಕ್ಕ ಮಾಡುವುದು ನಿನಗೆ ಚೆನ್ನಾಗಿಯೇ ಬರುತ್ತೆ. ಎಡವಿರುವುದು ವಸ್ತುವಿನ ಮೇಲಿನ ಬಲಗಳನ್ನು ಬಾಣ ಹಾಕಿ ತೋರಿಸುವ ಚಿತ್ರದಲ್ಲಿ. ಇಳಿಜಾರಿನ ಮೇಲಿನ ಪೆಟ್ಟಿಗೆಗೆ ತೂಕದ ಬಾಣ ಹಾಕಿ, ಅದೇ ತೂಕದ ಎರಡು ಭಾಗಗಳನ್ನೂ (ಇಳಿಜಾರಿನ ಉದ್ದಕ್ಕೆ ಒಂದು, ಅದಕ್ಕೆ ಲಂಬವಾಗಿ ಒಂದು) ಬೇರೆ ಬಲಗಳೆಂದು ಸೇರಿಸಿದ್ದೀಯ. ಜೊತೆಗೆ ‘ಚಲನೆಯ ಬಲ’ ಅಂತ ಇನ್ನೊಂದು. ಪ್ರತಿ ಬಾಣಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೋ: ಈ ಬಲ ಕೊಡುತ್ತಿರುವುದು ಯಾರು? ಹೆಸರು ಹೇಳಲು ಬರದಿದ್ದರೆ ಆ ಬಾಣ ಬೇಡ.

ನಮ್ಮ ಕೋಟೆಯ ಉದ್ದನೆ ಕಲ್ಲು ನೋಡಿದ್ದೀಯಲ್ಲ? ಸುಮಾರು 41 ಅಡಿಯ ಒಂದೇ ಬಂಡೆ, ಮೈಮೇಲೆ 1294ರ ಶಾಸನ. ಜನ ಅದರ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಪಕ್ಕದ ಗೋಡೆಯಲ್ಲಿ ಕೊರೆದ ಚಿತ್ರವನ್ನು ನೋಡುವವರು ಕಡಿಮೆ. ಬಂಡೆಯನ್ನು ಬಂಡಿ ಮೇಲೆ ಹೇರಿದ್ದಾರೆ. ಕೋಣಗಳ ಉದ್ದ ಸಾಲು ಎಳೆಯುತ್ತಿದೆ. ಹಿಂದಿನಿಂದ ಆಳುಗಳು ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ನ್ಯೂಟನ್ ತನ್ನ ನಿಯಮಗಳನ್ನು ಅಚ್ಚು ಹಾಕಿಸಿದ್ದು 1687ರಲ್ಲಿ. ಎಲ್ಲಿ ಎಳೆಯಬೇಕು, ಎಲ್ಲಿ ಮೀಟಬೇಕು ಅನ್ನುವುದು ಈ ಜನಕ್ಕೆ ಅದಕ್ಕೂ ಹತ್ತಿರ ಹತ್ತಿರ 400 ವರ್ಷ ಮೊದಲೇ ಗೊತ್ತಿತ್ತು.

ಈಗ ಬಂಡೆಯೊಂದರದ್ದೇ ಚಿತ್ರ ಬರಿ. ಕೋಣದ ಎಳೆತಕ್ಕೆ ಬಾಣ ಹಾಕಲು ಕೈ ಹೋಗುತ್ತೆ, ಅಲ್ವಾ? ಹಾಕಬೇಡ. ಕೋಣ ಎಳೆಯುತ್ತಿರುವುದು ಬಂಡಿಯನ್ನು. ಬಂಡೆಗೆ ತಾಗಿರುವುದು ಬಂಡಿ ಮಾತ್ರ. ಮುಟ್ಟದೆಯೇ ಎಳೆಯುವುದು ಭೂಮಿ, ಒಂದು ಟನ್ ಕಲ್ಲಿಗೆ 9,800 ನ್ಯೂಟನ್ ಲೆಕ್ಕದಲ್ಲಿ. ಸಮತಟ್ಟು ದಾರಿಯಲ್ಲಿ ಬಂಡಿ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತೆ. ಬಂಡೆಯನ್ನು ಬಂಡಿಗೆ ಹಗ್ಗದಿಂದ ಬಿಗಿದಿಲ್ಲ ಅಂದುಕೋ. ಹೊರಡುವಾಗ ಬಂಡೆಯನ್ನು ಮುಂದಕ್ಕೆ ಒಯ್ಯುವುದು ಬಂಡಿಯ ಹಲಗೆಯ ಘರ್ಷಣೆ. ಹೌದು, ಮುಂದಕ್ಕೆ! ಘರ್ಷಣೆ ಯಾವಾಗಲೂ ಹಿಂದಕ್ಕೇ ಅಂತ ಬಾಯಿಪಾಠ ಮಾಡಿದ್ದರೆ ಅದನ್ನು ಬಿಟ್ಟುಬಿಡು. ಅದು ತಡೆಯುವುದು ಒಂದರ ಮೇಲೊಂದು ಜಾರುವುದನ್ನು. ಬಂಡಿ ಒಂದೇ ವೇಗದಲ್ಲಿ ನೇರ ಸಾಗತೊಡಗಿದ ಮೇಲೆ ಆ ಬಾಣವನ್ನೂ ಅಳಿಸು. ಓಡುತ್ತಿದೆ ಅಂದಮಾತ್ರಕ್ಕೆ ಮುಂದಕ್ಕೊಂದು ಬಲ ಇರಲೇಬೇಕೆಂದಿಲ್ಲ.

ಇನ್ನೊಂದು ಮಾತು. ತೂಕವೂ ಬಂಡಿಯ ಒತ್ತುವಿಕೆಯೂ ಸಮ ಇವೆ ಅಂತ ಸುಮ್ನೆ ಅವನ್ನು ಕ್ರಿಯೆ-ಪ್ರತಿಕ್ರಿಯೆ ಅನ್ನಬೇಡ. ಆ ಜೋಡಿ ಒಂದೇ ವಸ್ತುವಿನ ಮೇಲೆ ಬರುವುದೇ ಇಲ್ಲ. ಭೂಮಿ ಬಂಡೆಯನ್ನು ಎಳೆದರೆ ಬಂಡೆ ಭೂಮಿಯನ್ನು ಎಳೆಯುತ್ತೆ. ಆ ಎರಡನೇ ಬಾಣ ಭೂಮಿಯ ಚಿತ್ರಕ್ಕೆ ಸೇರಿದ್ದು. ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಅಂಕ ಕಳೆದುಕೊಳ್ಳುವುದು ಇಲ್ಲೇ.

ಕೋಣದ ಚಿತ್ರ ಮಾತ್ರ ನಾನು ಬರೆದುಕೊಡುವುದಿಲ್ಲ. ನೊಗ ಅದನ್ನು ಹಿಂದಕ್ಕೆ ಒತ್ತುತ್ತೆ. ಹಾಗಾದರೆ ಅದನ್ನು ಮುಂದಕ್ಕೆ ತಳ್ಳುವುದು ಯಾರು? ಗೊರಸಿನ ಹತ್ತಿರ ಹುಡುಕು. ಬರೆದು ಫೋಟೋ ಕಳಿಸು, ಭಾನುವಾರ ಫೋನಿನಲ್ಲಿ ಮಾತಾಡೋಣ.

ಇಂತಿ,
ನಿನ್ನ ಮಾಮ